ಏಳು ದಿನದಲ್ಲಿ ಸಯಾಟಿಕಾ ಮಾಯವಂತೆ!

ರಮಣ ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ)
ಮಹಿಳೆಯರೇ ಗಮನಿಸಿ!! ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವು 7 ದಿನದಲ್ಲಿ ಮಾಯ! ಬೆಳಿಗ್ಗೆ ಎದ್ದ ತಕ್ಷಣ 50 ಸಲ ಬಗ್ಗಿ ಕಾಲ್ಬೆರಳು ಮುಟ್ಟಿ. ಜೊತೆಗೆ ನರಕ್ಕೆ ಬಲ ಕೊಡುವ ವಿಟಮಿನ್ ಗುಳಿಗೆ ದಿನಕ್ಕೆ ಎರಡು. 10 ಜನರಿಗೆ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ.

ರಮಣ ಚಿಕ್ಕಪ್ಪ: ಶಾರದಕ್ಕ, ನಿನಗೋಸ್ಕರವೇ ಹಾಕಿದ್ದು. ಅದೇ ಗುಳಿಗೆ ನಾನೂ ತಗೊಂಡೆ. ಪೂರ್ತಿ ವಾಸಿಯಾಯಿತು.

ಶಾರದತ್ತೆ: ಒಳ್ಳೆಯದಾಯಿತು ಕಣೋ. ಎರಡು ವಾರದಿಂದ ಎಡಗಾಲು ಹಿಂಡಿ ಹಾಕುತ್ತಿದೆ. ಕೂತರೆ ಏಳೋಕಾಗಲ್ಲ, ಎದ್ದರೆ ಕೂರೋಕಾಗಲ್ಲ. ನಾಳೆಯಿಂದಲೇ ಶುರು ಮಾಡುತ್ತೇನೆ.

ಸುಮಾ: ಅತ್ತೆ, ಬಗ್ಗಬೇಡಿ!! ಪೇಷಂಟ್ ಇದ್ದಾರೆ, ಹತ್ತು ನಿಮಿಷದಲ್ಲಿ ಬರುತ್ತೇನೆ.

ರಮಣ ಚಿಕ್ಕಪ್ಪ: ಬಂದಳಪ್ಪ ಫಿಸಿಯೋ ಮೇಡಂ.

ಸುಮಾ: ಅತ್ತೆ, ಹೋದ ವರ್ಷ ನಿಮ್ಮ ಮೂಳೆ ಪರೀಕ್ಷೆಯಲ್ಲಿ ಆಸ್ಟಿಯೋಪೊರೋಸಿಸ್ ಅಂತ ಬಂದಿತ್ತು, ಅಲ್ವಾ? ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗುತ್ತದೆ. ಅಂಥ ಬೆನ್ನನ್ನು ಮುಂದಕ್ಕೆ ಬಗ್ಗಿಸಿದರೆ ಭಾರವೆಲ್ಲ ಬೆನ್ನುಮೂಳೆಯ ಮುಂಭಾಗಕ್ಕೆ ಬೀಳುತ್ತದೆ, ಮೂಳೆ ಕುಸಿಯಬಹುದು. 1984ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯವರು ಇದನ್ನು ಬರೆದಿದ್ದಾರೆ. ಬರೀ ಬಗ್ಗುವ ವ್ಯಾಯಾಮ ಮಾಡಿದ 9 ಹೆಂಗಸರಲ್ಲಿ 8 ಮಂದಿಗೆ ಬೆನ್ನುಮೂಳೆ ಮತ್ತಷ್ಟು ಕುಸಿದಿತ್ತು. ಬೆನ್ನನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದ 25 ಮಂದಿಯಲ್ಲಿ ಹಾಗಾದದ್ದು 4 ಜನರಿಗೆ.

ರಮಣ ಚಿಕ್ಕಪ್ಪ: 9 ಜನರನ್ನು ನೋಡಿ ಸಂಶೋಧನೆನಾ?

ಸುಮಾ: ಚಿಕ್ಕದೇ, ಒಪ್ಪುತ್ತೇನೆ. ನೀವು ಒಬ್ಬರನ್ನು ನೋಡಿ ಫಾರ್ವರ್ಡ್ ಮಾಡಿದ್ದೀರಲ್ಲ ಚಿಕ್ಕಪ್ಪ.

ವಿನಯ್: ಅಪ್ಪ ಕ್ಲೀನ್ ಬೌಲ್ಡ್.

ರಮಣ ಚಿಕ್ಕಪ್ಪ: ನೀನು ಸುಮ್ನಿರೋ. ಸುಮಾ, ನನಗೆ ವಾಸಿಯಾಗಿದ್ದು ಸುಳ್ಳಾ ಹಾಗಾದರೆ?

ಸುಮಾ: ಸುಳ್ಳಲ್ಲ. ಇದೇ ಗುಂಪಿನಲ್ಲಿ ಹಿಂದಕ್ಕೆ ಹೋಗಿ ನೋಡಿದೆ. ‘ಕಾಲು ಸೆಳೆತ, ರಾತ್ರಿಯೆಲ್ಲ ನಿದ್ದೆಯಿಲ್ಲ’ ಅಂತ ನೀವು ಹಾಕಿದ್ದು ಮಾರ್ಚ್ 3ಕ್ಕೆ. ಗುಳಿಗೆ ಡಬ್ಬಿಯ ಫೋಟೋ ಬಂದಿದ್ದು ಏಪ್ರಿಲ್ 14ಕ್ಕೆ. ಆರು ವಾರ ಕಳೆದಿತ್ತು. ಸಯಾಟಿಕಾ ಸಾಮಾನ್ಯವಾಗಿ 6ರಿಂದ 12 ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹೊರಗೆ ಜಾರಿ ನರ ಒತ್ತಿದ್ದರೆ, ಆ ಚೂರನ್ನು ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತದೆ. ಮಳೆ ನಿಲ್ಲುವ ಹೊತ್ತಿಗೆ ನೀವು ಕೊಡೆ ಬಿಚ್ಚಿದ್ದೀರಿ.

ಶಾರದತ್ತೆ: ಹಾಗಾದರೆ ಮಲಗಿಬಿಡಲಾ? ಅಮ್ಮನಿಗೆ ಮಂಚ ಬಿಟ್ಟು ಇಳಿಯಲೇಬೇಡಿ ಅಂದಿದ್ದರು.

ಸುಮಾ: ಅದು ಹಳೇ ಕಾಲದ ಮಾತು ಅತ್ತೆ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪರೀಕ್ಷಿಸಿ ನೋಡಿದರು. ಎರಡು ವಾರ ಮಲಗಿದವರಿಗೂ, ಆದಷ್ಟು ಓಡಾಡಿಕೊಂಡಿದ್ದವರಿಗೂ ಫಲಿತಾಂಶ ಒಂದೇ. ಮಲಗಿದರೆ ಸ್ನಾಯು ಸೊರಗುವುದೊಂದು ಬೇರೆ.

ರಮಣ ಚಿಕ್ಕಪ್ಪ: ಸರಿ, ಬಗ್ಗುವುದು ಬೇಡ. ಗುಳಿಗೆಯಿಂದೇನು ತೊಂದರೆ? ಬರೀ ವಿಟಮಿನ್ ತಾನೆ. ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ.

ಸುಮಾ: ಡಬ್ಬಿಯ ಹಿಂಭಾಗದ ಫೋಟೋ ಹಾಕಿ.

ರಮಣ ಚಿಕ್ಕಪ್ಪ: ಕನ್ನಡಕ ಸಿಗುತ್ತಿಲ್ಲ.

ವಿನಯ್: ನಾನು ಹಾಕುತ್ತೇನೆ. (ಫೋಟೋ) ಬಿ12 ಇದೆ, ಬಿ6 ಇದೆ. ಬಿ6 ಒಂದು ಗುಳಿಗೆಗೆ 100 ಮಿಲಿಗ್ರಾಂ.

ಸುಮಾ: ದಿನಕ್ಕೆ ಎರಡು ಅಂದರೆ 200! ಅಮೆರಿಕದವರ ಮೇಲ್ಮಿತಿಯೇ ದಿನಕ್ಕೆ 100. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ತನ್ನ ಮಿತಿಯನ್ನು 12ಕ್ಕೆ ಇಳಿಸಿತು. ಬಿ6 ಅತಿಯಾದರೆ ನರಕ್ಕೇ ಪೆಟ್ಟು. ಪಾದ ಜುಮ್ಮೆನ್ನುತ್ತದೆ, ಮರಗಟ್ಟುತ್ತದೆ. ಈಗಲೂ ತಗೊಳ್ಳುತ್ತಿದ್ದೀರಾ?

ರಮಣ ಚಿಕ್ಕಪ್ಪ: ಮತ್ತೆ ಬರಬಾರದಲ್ಲ, ಅದಕ್ಕೆ.

ವಿನಯ್: ಅಪ್ಪಾ, ಚಪ್ಪಲಿ ಕಾಲಲ್ಲಿದೆಯೋ ಇಲ್ಲವೋ ಗೊತ್ತಾಗಲ್ಲ ಅಂತ ಮೊನ್ನೆ ಹೇಳಿದೆಯಲ್ಲ?

(ಇದಾದ ಮೇಲೆ ಚಿಕ್ಕಪ್ಪ ಇಪ್ಪತ್ತು ನಿಮಿಷ ಟೈಪ್ ಮಾಡುತ್ತಲೇ ಇದ್ದರು. ಮೆಸೇಜ್ ಮಾತ್ರ ಬರಲಿಲ್ಲ.)

ಸುಮಾ: ಹೆದರಬೇಡಿ ಚಿಕ್ಕಪ್ಪ, ಅದಕ್ಕೆ ಬೇರೆ ಕಾರಣವೂ ಇರಬಹುದು. ಗುಳಿಗೆ ನಿಲ್ಲಿಸಿ, ಡಬ್ಬಿ ಸಮೇತ ಡಾಕ್ಟರ್ ಹತ್ತಿರ ಹೋಗಿ. ರಕ್ತದಲ್ಲಿ ಬಿ6 ಎಷ್ಟಿದೆ ಅಂತ ನೋಡಬಹುದು.

ಕಾವ್ಯ: ಹಾಗಾದರೆ ಯಾವ ಸಪ್ಲಿಮೆಂಟೂ ಬೇಡವಾ ಸುಮಕ್ಕ? ಅಮ್ಮ ಕೀಲಿಗೆ ಒಳ್ಳೆಯದು ಅಂತ ಗ್ಲುಕೋಸಮೈನ್ ತಗೊಳ್ಳುತ್ತಾಳೆ.

ಸುಮಾ: ಕೊರತೆ ಇದ್ದರೆ ಬೇಕೇ ಬೇಕು. ಶಾರದತ್ತೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದಾರೆ, ಅದು ಬಿ12 ಕಡಿಮೆ ಮಾಡಬಹುದು. ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ತಗೊಳ್ಳಲಿ. ಮೂಳೆಗೆ ವಿಟಮಿನ್ ಡಿ ಕೂಡ ಹಾಗೇ. ಆದರೆ ಡಿಸ್ಕ್ ಒತ್ತಿ ಬಂದ ನೋವನ್ನು ಇವು ಓಡಿಸುವುದಿಲ್ಲ. ಗ್ಲುಕೋಸಮೈನ್ ಕಥೆ 2010ರಲ್ಲಿ ನಾರ್ವೆಯಲ್ಲಿ ಮುಗಿಯಿತು. ಸೊಂಟ ಸವೆದು ನೋವಿದ್ದ 250 ಜನರಲ್ಲಿ ಅರ್ಧ ಜನರಿಗೆ ಗ್ಲುಕೋಸಮೈನ್, ಉಳಿದವರಿಗೆ ಔಷಧವಿಲ್ಲದ ಸುಳ್ಳು ಗುಳಿಗೆ. ಆರು ತಿಂಗಳಾದರೂ ವ್ಯತ್ಯಾಸವಿಲ್ಲ.

ಕಾವ್ಯ: ಇನ್ನೊಂದು ಕೇಳಬೇಕಿತ್ತು. ಎಲ್ಲರೂ ಇದ್ದಾರೆ, ಇರಲಿ ಬಿಡು. ನನಗೆ ಮುಟ್ಟಿನ ಎರಡು ದಿನ ಮುಂಚೆ ಬಲಗಾಲಿಗೆ ಇದೇ ತರಹ ನೋವು ಇಳಿಯುತ್ತದೆ. ಆಮೇಲೆ ತಾನೇ ಹೋಗುತ್ತದೆ. ಪ್ರತಿ ತಿಂಗಳೂ.

ಸುಮಾ: ಕೇಳಿದ್ದು ಒಳ್ಳೆಯದಾಯಿತು. ಮೂರು ತಿಂಗಳ ತಾರೀಖು ಬರೆದು ಸ್ತ್ರೀರೋಗ ತಜ್ಞರಿಗೆ ತೋರಿಸು. ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದಕ್ಕೆ ಎಂಡೋಮೆಟ್ರಿಯೋಸಿಸ್ ಅಂತಾರೆ, ಅದು ಅಪರೂಪಕ್ಕೆ ಕಾಲಿಗಿಳಿಯುವ ಸಯಾಟಿಕ್ ನರದ ಹತ್ತಿರವೂ ಬೆಳೆಯುತ್ತದೆ. ಬೆನ್ನಿನ ಸ್ಕ್ಯಾನ್ ಮಾತ್ರ ಮಾಡಿಸಿದರೆ ಅದು ತಪ್ಪಿಹೋಗಬಹುದು. ರಾತ್ರಿ ಫೋನ್ ಮಾಡುತ್ತೇನೆ.

ಶಾರದತ್ತೆ: ನನ್ನ ಕಾಲನ್ನು ಎಲ್ಲರೂ ಮರೆತಿರಿ.

ಸುಮಾ: ಮರೆತಿಲ್ಲ ಅತ್ತೆ. ಮೊದಲು ಹೇಳಿ, ಪಾದ ಎತ್ತಲು ಆಗುತ್ತದಾ, ಎಳೆದುಕೊಂಡು ಹೋಗುತ್ತದಾ? ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗುತ್ತದಾ? ಮೂತ್ರ ಸರಿಯಾಗಿ ಆಗುತ್ತದಾ?

ಶಾರದತ್ತೆ: ಎಲ್ಲ ಸರಿ ಇದೆ. ಗುಂಪಲ್ಲಿ ಕೇಳುತ್ತಾಳಲ್ಲ ಇವಳು!

ಸುಮಾ: ಕೇಳಲೇಬೇಕು. ಇದರಲ್ಲಿ ಒಂದು ಕೆಟ್ಟರೂ ಅದೇ ದಿನ ಆಸ್ಪತ್ರೆ. ಸರಿ ಇದ್ದರೆ, ಗಟ್ಟಿ ಹಾಸಿಗೆ ಮೇಲೆ ಬೋರಲು ಮಲಗಿ. ಎರಡು ನಿಮಿಷ ಸುಮ್ನೆ ಇರಿ. ಆಮೇಲೆ ಮೊಣಕೈ ಊರಿ ಎದೆಯನ್ನು ಸ್ವಲ್ಪ ಎತ್ತಿ. ನ್ಯೂಜಿಲೆಂಡ್‌ನ ಫಿಸಿಯೋ ರಾಬಿನ್ ಮೆಕೆಂಜಿಗೆ 1956ರಲ್ಲಿ ಇದು ಗೊತ್ತಾಗಿದ್ದು ಆಕಸ್ಮಿಕವಾಗಿ. ತಲೆಕಡೆ ಎತ್ತರವಾಗಿದ್ದ ಮೇಜಿನ ಮೇಲೆ ರೋಗಿ ಬೋರಲು ಮಲಗಿಬಿಟ್ಟಿದ್ದ. ಬಂದು ನೋಡಿದರೆ ಕಾಲುನೋವೇ ಇರಲಿಲ್ಲ. ನೋವು ಮೀನಖಂಡದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹತ್ತಿದರೆ ಒಳ್ಳೆಯ ಲಕ್ಷಣ. ಕೆಳಗಿಳಿದರೆ ತಕ್ಷಣ ನಿಲ್ಲಿಸಿ. ನರದ ದಾರಿ ಕಿರಿದಾದವರಿಗೆ ಇದು ಆಗಿಬರುವುದಿಲ್ಲ. ಶನಿವಾರ ನಾನೇ ಬಂದು ನೋಡುತ್ತೇನೆ. ಅಲ್ಲಿಯವರೆಗೆ ಆಗಾಗ ಐದು ನಿಮಿಷ ನಡೆಯಿರಿ.

ಶಾರದತ್ತೆ: (ಸಂಜೆ) ಮೀನಖಂಡ ಬಿಟ್ಟಿದೆ. ಸೊಂಟ ಮಾತ್ರ ಜಾಸ್ತಿ ನೋಯುತ್ತಿದೆ.

ಸುಮಾ: ಸೂಪರ್ ಅತ್ತೆ!

ರಮಣ ಚಿಕ್ಕಪ್ಪ: ಜಾಸ್ತಿ ನೋಯುತ್ತಿದೆ ಅಂದರೆ ಸೂಪರ್ರಾ? ಒಳ್ಳೆ ವೈದ್ಯೆ.

ರಮಣ ಚಿಕ್ಕಪ್ಪ: ಸುಮಾ, ಆ ಬಿ6 ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ವಿನಯ್‌ಗೆ ಗೊತ್ತಾಗುವುದು ಬೇಡ.

ವಿನಯ್: ಅಪ್ಪಾ, ಇದು ಗುಂಪು.