ಮನೆಗೆ ಸಾಲಿಗ್ರಾಮ ಬಂದಿದೆ, ಅದರ ಅರ್ಥ ಹೇಳ್ತೀರಾ?

ಬನಶಂಕರಿ ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಾವನವರು ತೀರಿಕೊಂಡ ಮೇಲೆ ಊರಿನ ಮನೆಯ ದೇವರ ಸಂಪುಟ, ಅಂದರೆ ಪೂಜೆಯ ಪೆಟ್ಟಿಗೆ, ನಮ್ಮ ಫ್ಲಾಟಿಗೆ ಬಂದಿದೆ. ಅದರಲ್ಲಿ ನಾಲ್ಕು ಸಾಲಿಗ್ರಾಮಗಳಿವೆ, ವಿಷ್ಣು ಅಂತ ಪೂಜೆ ಮಾಡುವ ಕರಿಯ ಕಲ್ಲುಗಳು. ಒಂದು ಅಡಕೆಗಿಂತ ಚಿಕ್ಕದು, ಎಲ್ಲಕ್ಕಿಂತ ದೊಡ್ಡದು ನಿಂಬೆಹಣ್ಣಿನಷ್ಟಿದೆ. ದೊಡ್ಡದರಲ್ಲಿ ಒಂದು ತೂತಿದೆ. ಟಾರ್ಚ್ ಹಾಕಿ ನೋಡಿದರೆ ಒಳಗೆ ಸುರುಳಿ ಸುರುಳಿಯಾಗಿ ಗೆರೆಗಳು ಕಾಣುತ್ತವೆ. ಯಜಮಾನರು ದಿನಾ ಬೆಳಗ್ಗೆ ಪುರುಷಸೂಕ್ತ ಹೇಳಿಕೊಂಡು ಅಭಿಷೇಕ ಮಾಡಿ, ತುಳಸಿ ಇಟ್ಟು, ತೀರ್ಥ ಕೊಟ್ಟು ಆಫೀಸಿಗೆ ಹೊರಡುತ್ತಾರೆ. ಮಾಡುವ ವಿಧಾನವನ್ನು ಮಾವನವರು ಕಲಿಸಿದ್ದರು. ಯಾಕೆ ಅಂತ ನಾವಿಬ್ಬರೂ ಕೇಳಿರಲಿಲ್ಲ.

ಹತ್ತನೇ ಕ್ಲಾಸಿನ ಮಗ ಮೊನ್ನೆ ಇಂಟರ್ನೆಟ್‌ನಲ್ಲಿ ನೋಡಿ ಬಂದು, "ಅಮ್ಮಾ, ಇದು ಪಳೆಯುಳಿಕೆ. ಯಾವುದೋ ಸಮುದ್ರದ ಹುಳದ್ದು. ಇದಕ್ಕೆ ಯಾಕೆ ಕೈ ಮುಗಿಯಬೇಕು?" ಅಂದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ ಅಂತ ನನಗೂ ಅನಿಸಿತು. ರಾಮ, ಕೃಷ್ಣ ಅಂದರೆ ಮುಖ ಇದೆ, ಕಥೆ ಇದೆ. ಮುಖವೇ ಇಲ್ಲದ ಈ ಕಲ್ಲಿನಲ್ಲಿ ನಮ್ಮವರು ಏನು ಕಂಡರು? ಇನ್ನೊಂದು ವಿಷಯ. ಮುಂದಿನ ತಿಂಗಳು ಯಜಮಾನರು ಹತ್ತು ದಿನ ಹೊರದೇಶದಲ್ಲಿರುತ್ತಾರೆ. ಆಗ ಪೂಜೆ ನಾನು ಮಾಡಬಹುದಾ?

ಕಲ್ಲುಪಾಠ:

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವವನು. ಹುಡುಗ ಹೇಳಿದ್ದು ಸರಿಯಾಗಿದೆ, ಹುಳ ಅನ್ನೋದೊಂದನ್ನು ಬಿಟ್ಟು. ಅದು ಅಮೋನೈಟ್. ಆಕ್ಟೋಪಸ್, ಸ್ಕ್ವಿಡ್‌ಗಳ ದೂರದ ನೆಂಟ, ಸುರುಳಿ ಚಿಪ್ಪಿನೊಳಗೆ ಬದುಕುತ್ತಿದ್ದ ಪ್ರಾಣಿ. ಭಾರತದ ಭೂಭಾಗ ಏಷ್ಯಾಕ್ಕೆ ಬಂದು ಸೇರುವ ಮೊದಲು ನಡುವೆ ಟೆಥಿಸ್ ಅನ್ನುವ ಸಮುದ್ರ ಇತ್ತು. ಅದರ ತಳದ ಕೆಸರಿನಲ್ಲಿ ಈ ಚಿಪ್ಪುಗಳು ಹೂತುಹೋದವು. ಸುತ್ತಲಿನ ಕೆಸರು ಗಟ್ಟಿಯಾಗಿ ಕರಿಯ ಉಂಡೆಯಾಯಿತು, ಒಳಗೆ ಚಿಪ್ಪಿನ ಅಚ್ಚು ಉಳಿಯಿತು. ನೀವು ಟಾರ್ಚ್ ಹಾಕಿ ನೋಡಿದ ಗೆರೆಗಳು ಅವೇ. ಸಾಲಿಗ್ರಾಮ ಸಿಗುವ ಪದರಗಳು ಹೆಚ್ಚಾಗಿ ಜುರಾಸಿಕ್ ಕಾಲದವು, ಅಂದರೆ 14.5 ಕೋಟಿ ವರ್ಷಕ್ಕಿಂತ ಹಳೆಯವು. ಆಮೇಲೆ ಹಿಮಾಲಯ ಎದ್ದಿತು, ಸಮುದ್ರದ ತಳ ಬೆಟ್ಟದ ಮೇಲಕ್ಕೆ ಹೋಯಿತು. ಈಗ ನೇಪಾಳದ ಮುಸ್ತಾಂಗ್‌ನಲ್ಲಿ ಕಾಳಿ ಗಂಡಕಿ ಆ ಪದರಗಳನ್ನು ಕೊರೆದು ಉಂಡೆಗಳನ್ನು ಕೆಳಕ್ಕೆ ಉರುಳಿಸಿಕೊಂಡು ಬರುತ್ತದೆ.

ಕೆಲವು ಕಲ್ಲುಗಳಲ್ಲಿ ಬಂಗಾರದ ಹೊಳಪು ಇರುತ್ತದೆ. ಅದು ಪೈರೈಟ್, ಬಂಗಾರದ ಹಾಗೆ ಹೊಳೆಯುವ ಒಂದು ಖನಿಜ. ನಿಮ್ಮ ಮನೆಯ ನಾಲ್ಕರಲ್ಲಿ ಅಂಥದ್ದು ಇದೆಯಾ ನೋಡಿ. ಪೂಜೆಯ ವಿಷಯ ಗೊತ್ತಿರುವವರು ಹೇಳಲಿ.

ಅಗ್ರಹಾರದ ಹಿರಿಯ:

ತಾಯಿ, ನಾವು ಶೃಂಗೇರಿ ಕಡೆಯ ಸ್ಮಾರ್ತರು. ನಮ್ಮಲ್ಲಿ ಪಂಚಾಯತನ ಪೂಜೆ. ವಿಷ್ಣುವಿಗೆ ಗಂಡಕಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಶೋಣಾ ನದಿಯ ಕೆಂಪು ಕಲ್ಲು, ಅಮ್ಮನವರಿಗೆ ಸ್ವರ್ಣಮುಖಿಯ ಕಲ್ಲು, ಸೂರ್ಯನಿಗೆ ಸ್ಫಟಿಕ. ಐದರಲ್ಲಿ ಒಂದಕ್ಕೂ ಕಣ್ಣು ಮೂಗು ಇಲ್ಲ. ಹಾಗಾಗಿ ಮುಖ ಇಲ್ಲದ ದೇವರು ನಮಗೆ ಹೊಸದಲ್ಲ.

ಶಂಕರರ ಬ್ರಹ್ಮಸೂತ್ರ ಭಾಷ್ಯದಲ್ಲಿ ಒಂದು ಪ್ರಶ್ನೆ ಬರುತ್ತದೆ. ಎಲ್ಲ ಕಡೆ ತುಂಬಿರುವ ಬ್ರಹ್ಮವನ್ನು ಮುಷ್ಟಿಯಷ್ಟು ಹೃದಯದಲ್ಲಿ ಧ್ಯಾನ ಮಾಡು ಅಂತ ಉಪನಿಷತ್ತು ಹೇಳುತ್ತದಲ್ಲ, ಅದು ಹೇಗೆ ಸಾಧ್ಯ? ಸಾಲಿಗ್ರಾಮದಲ್ಲಿ ಹರಿಯನ್ನು ಕಾಣುವ ಹಾಗೆ, ಅನ್ನುತ್ತಾರೆ ಆಚಾರ್ಯರು. ಅಷ್ಟು ದೊಡ್ಡ ಮಾತಿಗೆ ಅವರು ಆರಿಸಿದ ಉದಾಹರಣೆ ಎಲ್ಲರ ಮನೆಯಲ್ಲೂ ಇದ್ದ ಕಲ್ಲು. ಬ್ರಹ್ಮ ಚಿಕ್ಕದಾಯಿತು ಅಂತಲ್ಲ. ನಮ್ಮ ಮನಸ್ಸು ನಿಲ್ಲುವುದಕ್ಕೆ ಒಂದು ಜಾಗ ಬೇಕು, ಅಷ್ಟೇ.

ಹೆಂಗಸರ ವಿಷಯ ಕೇಳಿದ್ದೀರಿ. ನಮ್ಮ ಸಂಪ್ರದಾಯದಲ್ಲಿ ಮುಟ್ಟಿ ಅಭಿಷೇಕ ಮಾಡುವುದು ಉಪನಯನ ಆದವರು ಮಾತ್ರ. ಆ ಹತ್ತು ದಿನ ಮಗ ಮಾಡಲಿ. ಉಪನಯನ ಆಗಿರದಿದ್ದರೆ ಹತ್ತಿರದ ದೇವಸ್ಥಾನದಲ್ಲಿ ಕೊಟ್ಟಿರಿ.

ತುಂಗೆಯ ದಡ:

ಹಿರಿಯರು ಹೇಳಿದ ಶಂಕರರ ಮಾತು ಬಹಳ ಮುಖ್ಯವಾದದ್ದು. ನಾನು ಮಾಧ್ವರ ಮನೆಯಲ್ಲಿ ಬೆಳೆದವಳು, ತೀರ್ಥಹಳ್ಳಿ ಕಡೆಯವಳು. ನಮ್ಮಲ್ಲಿ ಇದನ್ನೇ ಇನ್ನೊಂದು ರೀತಿ ಹೇಳಿಕೊಡುತ್ತಾರೆ. ಕಲ್ಲು ಬೇರೆ, ಕಲ್ಲಿನಲ್ಲಿ ಸನ್ನಿಹಿತನಾದ ಹರಿ ಬೇರೆ. ಕಲ್ಲೇ ದೇವರು ಅಂದರೆ ನಮ್ಮ ಆಚಾರ್ಯರು ಒಪ್ಪುವುದಿಲ್ಲ. ಹಾಗಾಗಿ ಮಗ "ಇದು ಪಳೆಯುಳಿಕೆ" ಅಂದರೆ ಧೈರ್ಯವಾಗಿ "ಹೌದಪ್ಪಾ" ಅನ್ನಿ. ಕಲ್ಲಿನ ಹುಟ್ಟನ್ನು ಹೇಳಿದ ಮಾತ್ರಕ್ಕೆ ಅದರೊಳಗಿನ ಸನ್ನಿಧಾನ ಎಲ್ಲೂ ಹೋಗುವುದಿಲ್ಲ.

ವಿಗ್ರಹಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಅವನಿಗೆ ಹೀಗೆ ಹೇಳಬಹುದು. 2023ರ ಫೆಬ್ರವರಿಯಲ್ಲಿ ರಾಮನ ವಿಗ್ರಹಕ್ಕಾಗಿ ಕಾಳಿ ಗಂಡಕಿಯ ಎರಡು ಭಾರಿ ಬಂಡೆಗಳು ಅಯೋಧ್ಯೆಗೆ ಬಂದವು. ಕೊನೆಗೆ ಗರ್ಭಗುಡಿಯ ಬಾಲರಾಮ ಆದದ್ದು ನಮ್ಮ ಮೈಸೂರು ಜಿಲ್ಲೆಯ ಕಪ್ಪು ಕಲ್ಲು, ಕೆತ್ತಿದ್ದು ಮೈಸೂರಿನ ಅರುಣ್ ಯೋಗಿರಾಜ್. 2024ರ ಜನವರಿ 22ರಂದು ಪ್ರಾಣಪ್ರತಿಷ್ಠೆ ಆಯಿತು. ಶಿಲ್ಪಿ ಬೇಕು, ಮುಹೂರ್ತ ಬೇಕು, ದೇವರನ್ನು ಕರೆದು ಕೂರಿಸುವ ಮಂತ್ರ ಬೇಕು. ಸಾಲಿಗ್ರಾಮಕ್ಕೆ ಇವು ಯಾವುದೂ ಬೇಡ. ಪ್ರತಿಷ್ಠೆ ಇಲ್ಲ, ಆವಾಹನೆ ಇಲ್ಲ, ವಿಸರ್ಜನೆಯೂ ಇಲ್ಲ. ನೀವು ಕರೆಯುವ ಮೊದಲೇ ಅವನು ಅಲ್ಲಿದ್ದಾನೆ. ಒಡೆದರೂ ಚಕ್ರದ, ಅಂದರೆ ಆ ಸುರುಳಿಯ, ಗುರುತು ಇದ್ದರೆ ಪೂಜೆಗೆ ಬರುತ್ತದೆ. ಅದೇ ವಿಗ್ರಹ ಭಿನ್ನವಾದರೆ ನೀರಿಗೆ ಬಿಡುತ್ತೇವೆ. ಮನುಷ್ಯರ ಕೈ ತಾಗದ ಒಂದು ವಸ್ತುವಿನ ಮುಂದೆ ದಿನಾ ಬೆಳಗ್ಗೆ ಕೂರುವುದು ದೊಡ್ಡ ಪಾಠ ಅಂತ ನನಗೆ ಅನಿಸುತ್ತದೆ. ನಾವು ಮಾಡಿದ್ದು ಅದರಲ್ಲಿ ಏನೂ ಇಲ್ಲ.

ಇನ್ನು ಕಥೆ. ಸಾಲಿಗ್ರಾಮಕ್ಕೂ ಕಥೆ ಇದೆ, ಅದೂ ಎಂಥ ಕಥೆ! ದೇವೀ ಭಾಗವತದಲ್ಲಿ ಬರುತ್ತದೆ. ಶಂಖಚೂಡ ಅನ್ನುವ ದಾನವನ ಹೆಂಡತಿ ತುಳಸಿ. ಅವಳ ಪಾತಿವ್ರತ್ಯ ಇರುವ ತನಕ ಅವನಿಗೆ ಸಾವಿಲ್ಲ. ವಿಷ್ಣು ಗಂಡನ ವೇಷದಲ್ಲಿ ಬಂದು ಅವಳನ್ನು ವಂಚಿಸುತ್ತಾನೆ, ಯುದ್ಧದಲ್ಲಿ ಶಂಖಚೂಡ ಸಾಯುತ್ತಾನೆ. ನಿಜ ತಿಳಿದಾಗ ಅವಳು, ನಿನಗೆ ಕರುಣೆ ಇಲ್ಲ, ಕಲ್ಲಾಗು ಅಂತ ಶಪಿಸುತ್ತಾಳೆ. ವಿಷ್ಣು ತನ್ನನ್ನು ಸಮರ್ಥಿಸಿಕೊಂಡು ತಪ್ಪಿಸಿಕೊಳ್ಳುವುದಿಲ್ಲ. ಶಾಪವನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಾನೆ. ನಿನ್ನ ದೇಹ ಗಂಡಕಿ ನದಿಯಾಗಲಿ, ಕೂದಲು ತುಳಸಿ ಗಿಡವಾಗಲಿ, ನಾನು ನಿನ್ನ ದಡದಲ್ಲೇ ಕಲ್ಲಾಗಿ ಇರುತ್ತೇನೆ, ಕೀಟಗಳು ಹಲ್ಲಿನಿಂದ ನನ್ನ ಮೈಯಲ್ಲಿ ಚಕ್ರ ಕೊರೆಯಲಿ ಅನ್ನುತ್ತಾನೆ.

ಆ ಕೀಟವೇ ವಜ್ರಕೀಟ. ಕಲ್ಲಿನೊಳಗಿನ ಸುರುಳಿ ಒಂದು ಜೀವಿಯದೇ ಕೆಲಸ ಅಂತ ಹಿರಿಯರು ಆಗಲೇ ಹೇಳಿಟ್ಟಿದ್ದರು. ಇದನ್ನು ಮಗನಿಗೆ ಹೇಳಿ, ಖುಷಿಪಡುತ್ತಾನೆ.

ಈಗ ನಿಮ್ಮ ದೇವರ ಮನೆ ನೋಡಿ. ಮೇಲಿಂದ ಶಂಖದ ನೀರು ಬೀಳುತ್ತದೆ. ಒರೆಸಿ, ಗಂಧ ಹಚ್ಚಿ, ನೆತ್ತಿಯ ಮೇಲೆ ಒಂದು ದಳ ತುಳಸಿ ಇಡುತ್ತೀರಿ. ತುಳಸಿ ಇಲ್ಲದೆ ಆ ಪೂಜೆ ಪೂರ್ತಿ ಆಗುವುದೇ ಇಲ್ಲ. ಅನ್ಯಾಯ ಮಾಡಿದವನ ತಲೆಯ ಮೇಲೆ ಅನ್ಯಾಯ ಆದವಳು ದಿನಾ ಕೂರುತ್ತಾಳೆ. ಉತ್ತರ ಭಾರತದಲ್ಲಿ ಉತ್ಥಾನ ದ್ವಾದಶಿಯ ಹೊತ್ತಿಗೆ ಸಾಲಿಗ್ರಾಮಕ್ಕೇ ತುಳಸಿಯನ್ನು ಕೊಟ್ಟು ಮದುವೆ ಮಾಡುತ್ತಾರೆ. ನಮ್ಮ ಕಡೆ ವೃಂದಾವನದಲ್ಲಿ ನೆಲ್ಲಿಯ ಕೊಂಬೆ ನೆಡುತ್ತೇವೆ ಅಲ್ವಾ? ನನಗೆ ಸಾಲಿಗ್ರಾಮದ ಅರ್ಥ ಅಂದರೆ ಇದು. ಸರ್ವೋತ್ತಮ ಅಂತ ನಾವು ಹೊಗಳುವ ದೇವರೂ ಒಬ್ಬ ಹೆಂಗಸಿನ ದುಃಖಕ್ಕೆ ಉತ್ತರ ಕೊಡಬೇಕಾಯಿತು. ಕೊಟ್ಟ ಉತ್ತರ ಇನ್ನೂ ಮುಗಿದಿಲ್ಲ.

ಆದ್ದರಿಂದ ಮುಟ್ಟುವ ವಿಷಯದಲ್ಲಿ ಹಿರಿಯರ ಮಾತನ್ನು ನಾನು ಒಪ್ಪಲಾರೆ. ಅವರು ಹೇಳಿದ್ದು ನಮ್ಮ ಮನೆಯಲ್ಲೂ ಇದ್ದ ಪದ್ಧತಿ. ನಮ್ಮಮ್ಮ ಮಡಿಯಲ್ಲಿ ನೈವೇದ್ಯಕ್ಕೆ ಅಡುಗೆ ಮಾಡಿದರು, ಸಾಣೆಕಲ್ಲಿನ ಮೇಲೆ ಗಂಧ ತೇಯ್ದರು, ತುಳಸಿ ಬಿಡಿಸಿದರು. ಸಂಪುಟ ಮಾತ್ರ ಮುಟ್ಟಲಿಲ್ಲ. ಆದರೆ ಎಲ್ಲ ಕಡೆ ಹೀಗಿಲ್ಲ. ಬಂಗಾಳದ ಚೈತನ್ಯರ ಸಂಪ್ರದಾಯದ ಹರಿಭಕ್ತಿವಿಲಾಸ ಅನ್ನುವ ಗ್ರಂಥ, ದೀಕ್ಷೆ ಪಡೆದ ಹೆಂಗಸರಿಗೂ ಸಾಲಿಗ್ರಾಮ ಪೂಜೆಯ ಅಧಿಕಾರ ಇದೆ ಅನ್ನುತ್ತದೆ. ನೀವು ನಿಮ್ಮ ಯಜಮಾನರ ಜೊತೆ ಕೂತು ಮಾತಾಡಿ, ನಿಮ್ಮ ಮಠದಲ್ಲೂ ಒಂದು ಮಾತು ಕೇಳಿ. ಆದರೆ ಹೆದರಿಕೆಯಿಂದ ಮಾತ್ರ ದೂರ ಇರಬೇಡಿ. ತುಳಸಿಯ ಕಥೆ ಗೊತ್ತಿದ್ದವರು ಹೆಂಗಸಿನ ಕೈ ಸೋಕಿದರೆ ದೋಷ ಅಂತ ಹೇಗೆ ಹೇಳುತ್ತಾರೋ ನನಗೆ ಅರ್ಥವಾಗಿಲ್ಲ.

ಅಗ್ರಹಾರದ ಹಿರಿಯ:

ತಂಗಿ, ನೀವು ಹೇಳಿದ ಕಥೆ ನನಗೂ ಗೊತ್ತು. ಅದನ್ನು ಈ ಕಡೆಯಿಂದ ನೋಡಿರಲಿಲ್ಲ. ಪದ್ಧತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ. ಮಠದಲ್ಲಿ ಕೇಳಿ ಅಂದಿರಲ್ಲ, ಅದು ಸರಿ.

ಜೋಮ್‌ಸೋಮ್ ಗಾಳಿ:

ನಾನು ನೇಪಾಳದಲ್ಲಿ ಕಾಳಿ ಗಂಡಕಿ ಕಡೆಯ ಮುಕ್ತಿನಾಥಕ್ಕೆ ಹೋಗಿ ಬಂದವನು, ಅಲ್ಲಿಯದನ್ನು ಸ್ವಲ್ಪ ಹೇಳುತ್ತೇನೆ. ದೇವಸ್ಥಾನ ಸುಮಾರು 3,700 ಮೀಟರ್ ಎತ್ತರದಲ್ಲಿದೆ. ಹಿಂದೆ ಅರ್ಧವೃತ್ತದ ಗೋಡೆಯಲ್ಲಿ 108 ಧಾರೆಗಳು, ಮಂಜುಗಡ್ಡೆಯಂಥ ನೀರು. ಪಕ್ಕದ ಜ್ವಾಲಾಮಾಯಿ ಗುಡಿಯಲ್ಲಿ ನೆಲದಿಂದ ಬರುವ ಅನಿಲ ಉರಿಯುತ್ತದೆ. ಬೌದ್ಧ ಭಿಕ್ಷುಣಿಯರೂ ಅಲ್ಲಿ ಸೇವೆ ಮಾಡುತ್ತಾರೆ. ಬೌದ್ಧರಿಗೂ ಅದು ಪುಣ್ಯಕ್ಷೇತ್ರವೇ. ಕೆಳಗೆ ಕಾಗ್ಬೇನಿ ಹತ್ತಿರ ನದಿಯ ಹಾಸು ತುಂಬಾ ಅಗಲ, ಎಲ್ಲ ಬೂದು ಬಣ್ಣದ ಕಲ್ಲು. ಅದರ ನಡುವೆ ಒಂದು ಕರಿಯ ನುಣುಪು ಕಲ್ಲು ಕಂಡರೆ ಸಾಕು, ನಮ್ಮ ಗುಂಪಿನ ಅಜ್ಜಿಯೊಬ್ಬರು ಬಗ್ಗಿ ಎತ್ತಿಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ದಾರಿಯುದ್ದಕ್ಕೂ ಅಂಗಡಿಗಳಲ್ಲಿ ಮಾರುತ್ತಾರೆ. ಸಾಲಿಗ್ರಾಮಕ್ಕೆ ಬೆಲೆ ಕಟ್ಟುವುದೇ ಪಾಪ ಅಂತ ಶಾಸ್ತ್ರ. ನಿಮಗೆ ಮನೆತನದಿಂದ ಬಂದಿದೆ, ಅದಕ್ಕಿಂತ ಒಳ್ಳೆಯದು ಇಲ್ಲ. ನಾಲ್ಕು ಇರುವುದೂ ಸರಿಯಾಗಿದೆ. ಪೂಜೆಗೆ ಒಂದು ಇರಬಹುದು, ಇಲ್ಲವೇ ಎರಡನ್ನು ಬಿಟ್ಟು ಸಮ ಸಂಖ್ಯೆ ಇರಬೇಕು ಅನ್ನುತ್ತಾರೆ.

ಬನಶಂಕರಿ ಸೊಸೆ:

ಎಲ್ಲರಿಗೂ ಧನ್ಯವಾದ. ಕಲ್ಲುಪಾಠ ಅವರೇ, ಚಿಕ್ಕದರ ಬಾಯಿಯ ಅಂಚಿನಲ್ಲಿ ಬಂಗಾರದ ಚೂರು ಇದೆ, ಮಗನೇ ಹುಡುಕಿದ. ವಜ್ರಕೀಟದ ಕಥೆ ಕೇಳಿ, "ಹಾಗಾದರೆ ಅವರಿಗೆ ಮೊದಲೇ ಗೊತ್ತಿತ್ತಾ?" ಅಂತ ಎರಡು ಸಲ ಕೇಳಿದ. ಯಜಮಾನರು ಮಠಕ್ಕೆ ಫೋನ್ ಮಾಡುತ್ತೇನೆ ಅಂದಿದ್ದಾರೆ. ಮಗನ ಉಪನಯನ ಆಗಿದೆ. ಅಭಿಷೇಕ ಅವನು ಮಾಡಲಿ, ತುಳಸಿ ನಾನೇ ಇಡುತ್ತೇನೆ ಅಂತ ಹೇಳಿದೆ. ಅವರು ಆಗಲಿ ಅಂದರು.