ಓರಿಯೋಲ್ ಮರದ ಮೇಲೇ ಇದೆ, ಫೀಡರ್‌ಗೆ ಮಾತ್ರ ಇಳಿಯುತ್ತಿಲ್ಲ

ಬೆಳಗಿನ ಸಿಳ್ಳೆ (ಪ್ರಶ್ನೆ, ಮೇ 30):

ಎಲ್ಲರಿಗೂ ನಮಸ್ಕಾರ. ಬಾಲ್ಟಿಮೋರ್ ಓರಿಯೋಲ್ ಹಕ್ಕಿಯ ಬಗ್ಗೆ ಕೇಳಬೇಕಿತ್ತು. ನಮ್ಮ ಹಿತ್ತಲ ಬೇಲಿಯಾಚೆ ದೊಡ್ಡ ಎಲ್ಮ್ ಮರ ಇದೆ. ಮೂರು ವಾರದಿಂದ ದಿನಾ ಬೆಳಗ್ಗೆ ಐದೂವರೆಗೆ ಅದರ ತುದಿಯಿಂದ ಸಿಳ್ಳೆ ಕೇಳಿಸುತ್ತದೆ. ದುರ್ಬೀನಿನಲ್ಲಿ ಮೊದಲ ಸಲ ಕಂಡಾಗ ಮೈ ಜುಮ್ ಅಂದಿತು. ಕಪ್ಪು ತಲೆ, ಕೆಂಡದಂಥ ಎದೆ.

ಮೇ 20ಕ್ಕೆ ಫೀಡರ್ (ಹಕ್ಕಿಗೆ ತಿನಿಸು ಇಡುವ ತೂಗುತಟ್ಟೆ) ತಂದೆ. ಅಡುಗೆಮನೆ ಕಿಟಕಿಯಿಂದ ಐದು ಮೀಟರ್ ದೂರದಲ್ಲಿ ಕಬ್ಬಿಣದ ಕೊಕ್ಕೆಗೆ ನೇತುಹಾಕಿದ್ದೇನೆ. ಅರ್ಧ ಕತ್ತರಿಸಿದ ಕಿತ್ತಳೆ, ಎರಡು ಬಟ್ಟಲು ತುಂಬಾ ಗ್ರೇಪ್ ಜೆಲ್ಲಿ (ದ್ರಾಕ್ಷಿಯ ಜಾಮ್‌ನಂಥದ್ದು), ಸಕ್ಕರೆ ನೀರು ಎಲ್ಲಾ ಇದೆ. ಹತ್ತು ದಿನ ಆಯಿತು. ಇರುವೆ ಬಂದವು, ಕಣಜ ಬಂದವು, ಓರಿಯೋಲ್ ಬರಲಿಲ್ಲ.

ಅಮ್ಮ ಈಗ ನನ್ನ ಜೊತೆ ಇದ್ದಾರೆ, ಜುಲೈ ಕೊನೆಗೆ ಹೊರಡುತ್ತಾರೆ. ಕತ್ತು ನೋವು, ಮರದ ತುದಿ ನೋಡೋಕೆ ಆಗಲ್ಲ. ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂತು ಒಂದು ಸಲವಾದರೂ ಹತ್ತಿರದಿಂದ ನೋಡಲಿ ಅಂತ ನನ್ನ ಆಸೆ. ಎಲ್ಲಿ ತಪ್ಪುತ್ತಿದ್ದೇನೆ?

ಹಳೇ ಮೇಪಲ್:

ತಿನಿಸು ಸರಿಯಾಗಿಯೇ ಇದೆ. ಇಟ್ಟಿದ್ದು ತಡವಾಯಿತು. ನಾನು ಹನ್ನೊಂದು ವರ್ಷದಿಂದ ಇವಕ್ಕೆ ಕಿತ್ತಳೆ ಇಡುತ್ತಿದ್ದೇನೆ. ಮೊದಲ ಎರಡು ವರ್ಷ ನನಗೂ ಹೀಗೇ ಆಗಿತ್ತು.

ಇವು ಚಳಿಗಾಲವನ್ನು ಮಧ್ಯ ಅಮೆರಿಕ, ಕೆರಿಬಿಯನ್ ಕಡೆ ಕಳೆದು ಏಪ್ರಿಲ್ ಕೊನೆಗೋ ಮೇ ಮೊದಲ ವಾರಕ್ಕೋ ಇಲ್ಲಿಗೆ, ಉತ್ತರ ಅಮೆರಿಕಕ್ಕೆ, ಬರುತ್ತವೆ. ರಾತ್ರಿಯೆಲ್ಲಾ ಹಾರಿ ದಣಿದಿರುತ್ತವೆ. ಎಲೆ ಇನ್ನೂ ಚಿಗುರುತ್ತಿರುತ್ತದೆ, ಹುಳ ಕಡಿಮೆ. ಆಗ ಸಿಹಿ ಕಂಡರೆ ಇಳಿಯುತ್ತವೆ. ಹಾಗಾಗಿ ಮುಂದಿನ ವರ್ಷ ಅವು ಬರುವ ಮೊದಲೇ, ಏಪ್ರಿಲ್ ಮೂರನೇ ವಾರದಲ್ಲೇ ಕಿತ್ತಳೆ ಇಟ್ಟುಬಿಡಿ.

ಈಗ ಹೆಣ್ಣು ಗೂಡಿನ ಕೆಲಸದಲ್ಲಿರುತ್ತದೆ. ಗೀಜಗನ ಗೂಡಿನ ಹಾಗೆ ಕೊಂಬೆಯ ತುದಿಯಲ್ಲಿ ಜೋತಾಡುವ ಚೀಲ. ಗೀಜಗದಲ್ಲಿ ನೇಯುವುದು ಗಂಡು, ಇಲ್ಲಿ ಹೆಣ್ಣು. ಅದು ನಾರು ಎಳೆದು ಸಿಕ್ಕಿಸುವುದನ್ನು ನೋಡುತ್ತಾ ನಾನು ಎಷ್ಟೋ ಬೆಳಗು ಕಾಫಿ ಆರಿಸಿಕೊಂಡಿದ್ದೇನೆ. ಮೊಟ್ಟೆ ಒಡೆಯೋಕೆ 11ರಿಂದ 14 ದಿನ, ಮರಿ ಗೂಡು ಬಿಡೋಕೆ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಮರಿಗಳಿಗೆ ಬೇಕಾಗಿರೋದು ಹುಳ. ಎಷ್ಟೋ ಹಕ್ಕಿಗಳು ಮುಟ್ಟದ ಕಂಬಳಿಹುಳವನ್ನೂ ಓರಿಯೋಲ್ ತಿನ್ನುತ್ತದೆ. ಎಲ್ಮ್ ತುಂಬಾ ಹುಳ ಇರುವಾಗ ಅದು ಜೆಲ್ಲಿಗೆ ಯಾಕೆ ಇಳಿಯಬೇಕು, ಹೇಳಿ?

ಅದಕ್ಕೇ ಈಗ ಮೀಲ್‌ವರ್ಮ್ (ಹಕ್ಕಿಗಳಿಗೆ ಹಾಕೋಕೆ ಅಂಗಡಿಯಲ್ಲಿ ಸಿಗುವ ಹುಳ) ಇಡಿ. ಜೀವಂತ ಹುಳ ಆದರೆ ಒಳ್ಳೆಯದು, ಅಲುಗಾಡಿದರೆ ಬೇಗ ಕಣ್ಣಿಗೆ ಬೀಳುತ್ತದೆ. ಬಟ್ಟಲಿನ ಒಳಗೋಡೆ ನುಣುಪಾಗಿರಲಿ, ಇಲ್ಲದಿದ್ದರೆ ಹತ್ತಿ ಹೋಗುತ್ತವೆ. ಕಿತ್ತಳೆ ತೆಗೆಯಬೇಡಿ. ಜೂನ್ ಕೊನೆಗೆ ಮರಿಗಳನ್ನು ಕರೆದುಕೊಂಡು ಬರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಅಮ್ಮನಿಗೆ ಇನ್ನೂ ಸಮಯ ಇದೆ.

ಜೆಲ್ಲಿ ಮಾತ್ರ ದಯವಿಟ್ಟು ಬಟ್ಟಲು ತುಂಬಾ ಇಡಬೇಡಿ. ಪುಕ್ಕಕ್ಕೆ ಮೆತ್ತಿಕೊಂಡರೆ ಹಕ್ಕಿಗೆ ಹಾರೋಕೇ ಕಷ್ಟ. ಒಂದು ಚಮಚ ಸಾಕು. ಸಕ್ಕರೆಯಿಲ್ಲದ, ಕೃತಕ ಸಿಹಿ ಹಾಕಿದ ಜೆಲ್ಲಿ ಬೇಡವೇ ಬೇಡ. ನೀರಿಗೆ ಅಳತೆ, ಸಕ್ಕರೆ ಒಂದು ಪಾಲು, ನೀರು ಆರು ಪಾಲು. ಬಣ್ಣ, ಜೇನುತುಪ್ಪ ಸೇರಿಸಬೇಡಿ. ಬಿಸಿಲು ಜಾಸ್ತಿ ಇದ್ದರೆ ಎರಡು ದಿನಕ್ಕೊಮ್ಮೆ ಚೆಲ್ಲಿ, ತೊಳೆದು, ಹೊಸದು ಹಾಕಿ.

ದುರ್ಬೀನು:

ಮೇಲಿನ ಮಾತೆಲ್ಲಾ ಸರಿ. ನನಗೆ ಚಿಂತೆ ಆಗಿದ್ದು ಆ ಐದು ಮೀಟರ್. ಅಷ್ಟು ದೂರದಿಂದ ಬೆದರಿ ಹಾರಿದ ಹಕ್ಕಿ ಪೂರ್ತಿ ವೇಗದಲ್ಲಿ ಗಾಜಿಗೆ ಬಡಿಯುತ್ತದೆ. ಫೀಡರನ್ನು ಕಿಟಕಿಯಿಂದ ಒಂದು ಮೀಟರ್ ಒಳಗೆ ತನ್ನಿ, ಇಲ್ಲವೇ ಹತ್ತು ಮೀಟರ್ ಆಚೆ ಇಡಿ. ಅಮ್ಮ ನೋಡಬೇಕು ಅಂದಿರಲ್ಲ, ಹತ್ತಿರ ತರುವುದೇ ಒಳ್ಳೆಯದು. ಗಾಜಿನ ಹೊರಗಡೆ ಐದೈದು ಸೆಂಟಿಮೀಟರ್‌ಗೆ ಒಂದೊಂದು ಚುಕ್ಕೆ ಅಂಟಿಸಿ.

ಇರುವೆಗೆ, ಕೊಕ್ಕೆಗೂ ಫೀಡರ್‌ಗೂ ನಡುವೆ ಒಂದು ಸಣ್ಣ ನೀರಿನ ಬಟ್ಟಲು ತೂಗುಹಾಕಿ. ಕಂಬಿಗೆ ಎಣ್ಣೆ ಸವರಬೇಡಿ, ಅದು ಪುಕ್ಕಕ್ಕೆ ಹತ್ತುತ್ತದೆ.

ಇನ್ನೊಂದು ಮಾತು. ನಮ್ಮ ಹೊನ್ನಕ್ಕಿಯನ್ನೂ ಇಂಗ್ಲಿಷಿನಲ್ಲಿ ಓರಿಯೋಲ್ ಅಂತಾರೆ. ಆದರೆ ಎರಡೂ ಬೇರೆ ಬೇರೆ ಕುಟುಂಬ. ಬಣ್ಣ ಹೋಲುತ್ತೆ ಅಂತ ಹೆಸರು ಬಂತು.

ಬೆಳಗಿನ ಸಿಳ್ಳೆ (ಜೂನ್ 14):

ಇಬ್ಬರಿಗೂ ತುಂಬಾ ಧನ್ಯವಾದ. ಅವತ್ತೇ ಫೀಡರನ್ನು ಕಿಟಕಿ ಹತ್ತಿರ ತಂದು, ಚುಕ್ಕೆ ಅಂಟಿಸಿ, ಜೆಲ್ಲಿ ಕಡಿಮೆ ಮಾಡಿ, ಹುಳ ಇಟ್ಟೆ. ಎಂಟು ದಿನ ಏನೂ ಇಲ್ಲ. ನಿನ್ನೆ ಸಂಜೆ ಆರಕ್ಕೆ ಹೆಣ್ಣು ಬಂತು! ಮಾಸಲು ಹಳದಿ ಎದೆ, ರೆಕ್ಕೆ ಮೇಲೆ ಎರಡು ಬಿಳಿ ಪಟ್ಟಿ. ಅಮ್ಮ ಬಟಾಣಿ ಸುಲಿಯುತ್ತಿದ್ದವರು ಕೈ ಹಾಗೇ ನಿಲ್ಲಿಸಿಬಿಟ್ಟರು. ಮೂರು ಹುಳ ಕೊಕ್ಕಿನಲ್ಲಿ ಹಿಡಿದು ಸೀದಾ ಎಲ್ಮ್ ಕಡೆ ಹೋಯಿತು. ಇವತ್ತು ಬೆಳಗ್ಗೆಯಿಂದ ನಾಲ್ಕು ಸಲ ಬಂದಿದೆ. ಗಂಡು ಇನ್ನೂ ಮೇಲೇ ಹಾಡುತ್ತಿದೆ.

ಈಗ ರಾಬಿನ್‌ಗಳಿಗೂ ಜಾಗ ಗೊತ್ತಾಗಿದೆ. ಹತ್ತು ನಿಮಿಷದಲ್ಲಿ ಬಟ್ಟಲು ಖಾಲಿ. ಹುಳವನ್ನು ಸ್ವಲ್ಪ ಸ್ವಲ್ಪವೇ ನಾಲ್ಕೈದು ಸಲ ಹಾಕಲಾ, ಇಲ್ಲ ರಾಬಿನ್‌ಗೆ ಬೇರೆ ಬಟ್ಟಲು ದೂರದಲ್ಲಿ ಇಡಲಾ?