‘ಎಂಡ್ ಟೈಡಲ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಐಸಿಯು ನರ್ಸ್‌ಗಳ ತರಬೇತಿಗೆ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ವೆಂಟಿಲೇಟರ್ ಮೇಲಿರುವ ರೋಗಿ ಹೊರಬಿಡುವ ಇಂಗಾಲದ ಡೈಆಕ್ಸೈಡ್ ನೋಡಿ ಹೃದಯದ ಕೆಲಸ ಹೇಗೆ ನಡೆದಿದೆ ಅಂತ ಊಹಿಸುವುದು ಅದರ ಒಂದು ಅಧ್ಯಾಯ. ಅಲ್ಲಿ ಎರಡು ಪದಗಳು ಸರಿಯಾಗಿ ಕೂರುತ್ತಿಲ್ಲ: ‘ಎಂಡ್ ಟೈಡಲ್’ ಮತ್ತು ‘ಕಾರ್ಡಿಯಾಕ್ ಔಟ್‌ಪುಟ್’.

ಮೊದಲು ವಿಷಯ ಹೇಳಿಬಿಡುತ್ತೇನೆ. ಉಸಿರಿನ ಟ್ಯೂಬಿಗೆ ಒಂದು ಪುಟ್ಟ ಸೆನ್ಸರ್ ಜೋಡಿಸಿರುತ್ತಾರೆ. ಇಂಗಾಲದ ಡೈಆಕ್ಸೈಡ್ ಅತಿಗೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎಷ್ಟು ಬೆಳಕು ಕಡಿಮೆಯಾಯಿತು ಅನ್ನುವುದರ ಮೇಲೆ ಅನಿಲ ಎಷ್ಟಿದೆ ಅಂತ ಗೊತ್ತಾಗುತ್ತದೆ. ಪರದೆಯ ಮೇಲೆ ಉಸಿರಿಗೊಂದು ದಿಬ್ಬ ಮೂಡುತ್ತದೆ. ಹೊರಬರುವ ಉಸಿರಿನ ಮೊದಲ ಪಾಲು ಟ್ಯೂಬು, ಶ್ವಾಸನಾಳದಲ್ಲಿ ಸುಮ್ನೆ ನಿಂತಿದ್ದ ಗಾಳಿ. ಅದರಲ್ಲಿ ಈ ಅನಿಲ ಇಲ್ಲವೆಂದೇ ಹೇಳಬಹುದು, ಹಾಗಾಗಿ ಗೆರೆ ನೆಲಕ್ಕೇ ಅಂಟಿರುತ್ತದೆ. ಆಮೇಲೆ ಸರ್ರನೆ ಏರಿ, ಬಹುತೇಕ ಮಟ್ಟಸವಾಗಿ ಸಾಗಿ, ಉಸಿರು ಮುಗಿಯುವ ಹೊತ್ತಿಗೆ ಅತಿ ಎತ್ತರಕ್ಕೆ ಮುಟ್ಟುತ್ತದೆ. ಅದೇ ಎಂಡ್ ಟೈಡಲ್. ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ.

ಈಗ ಪದ. ‘ಟೈಡ್’ ಅಂದರೆ ಉಬ್ಬರವಿಳಿತ ಅಂತ ‘ಉಬ್ಬರಾಂತ್ಯ’ ಮಾಡಿದರೆ ಅರ್ಥ ತಲೆಕೆಳಗಾಗುತ್ತದೆ. ಉಬ್ಬರ ಅಂದರೆ ಏರುವುದು, ಎದೆ ತುಂಬುವುದು. ನಮಗೆ ಬೇಕಿರುವುದು ಇಳಿತದ ಕೊನೆ. ‘ನಿಶ್ವಾಸಾಂತ್ಯ’ ಚೆನ್ನಾಗಿದೆ, ಆದರೆ ಉಚ್ಛ್ವಾಸ ಯಾವುದು, ನಿಶ್ವಾಸ ಯಾವುದು ಅಂತ ಎಷ್ಟೋ ಜನ ಇವತ್ತಿಗೂ ತಡವರಿಸುತ್ತಾರೆ. ನಮ್ಮ ಶಾಲೆ ಪುಸ್ತಕಗಳಲ್ಲಿ ಉಚ್ಛ್ವಾಸ ಅಂದರೆ ಒಳಗೆಳೆಯುವುದು. ಹಿಂದಿ ಪುಸ್ತಕಗಳಲ್ಲಿ ಉಚ್ಛ್ವಸನ ಅಂದರೆ ಹೊರಬಿಡುವುದು! ಎರಡೂ ಕಡೆ ಓದಿದವರ ಪಾಡು ಕೇಳಬೇಡಿ.

ಹಾಗಾದರೆ ಅಚ್ಚಗನ್ನಡದಲ್ಲೇ ‘ಕೊನೆಯುಸಿರಿನ ಅನಿಲ’ ಅಂದರಾಯಿತು ಅಂತ ಒಬ್ಬ ಸ್ನೇಹಿತರು ಅಂದರು. ಬೇಡ ಮಾರಾಯ್ರೇ! ಐಸಿಯು ಚಾರ್ಟಿನಲ್ಲಿ ‘ಕೊನೆಯುಸಿರು: 38’ ಅಂತ ಬರೆದಿದ್ದನ್ನು ರೋಗಿಯ ಮನೆಯವರು ಓದಿದರೆ ಗತಿಯೇನು? ‘ಉಸಿರಿನ ಕೊನೆ’ಯೂ ಅದೇ ದಾರಿ ಹಿಡಿಯುತ್ತದೆ. ಸದ್ಯಕ್ಕೆ ‘ಉಸಿರುತುದಿ’ ಅಂತ ಇಟ್ಟುಕೊಂಡಿದ್ದೇನೆ. ಪರದೆಯ ದಿಬ್ಬಕ್ಕೂ ‘ತುದಿ’ ಹೊಂದುತ್ತದೆ. ಆದರೆ ಎಳೆದುಕೊಂಡ ಉಸಿರಿನ ತುದಿಯೋ, ಬಿಟ್ಟ ಉಸಿರಿನದೋ ಅಂತ ಅದು ಹೇಳುವುದಿಲ್ಲ. ‘ಬಿಟ್ಟುಸಿರಿನ ತುದಿ’ ಅನ್ನಲೇ? ಉದ್ದವಾಯಿತು, ಅಲ್ವಾ?

ಎರಡನೆಯದು, ‘ಕಾರ್ಡಿಯಾಕ್ ಔಟ್‌ಪುಟ್’, ಇನ್ನೂ ಕಷ್ಟ. ‘ಹೃದಯೋತ್ಪನ್ನ’ ಅಂದರೆ ಹೃದಯವೇ ರಕ್ತ ತಯಾರಿಸುತ್ತದೆ ಅನ್ನಿಸುತ್ತದೆ. ಇಲ್ಲಿ ಬೇಕಿರುವುದು ಹೃದಯ ನಿಮಿಷಕ್ಕೆ ಎಷ್ಟು ರಕ್ತ ದೂಡುತ್ತದೆ ಅನ್ನುವ ಲೆಕ್ಕ. ಸುಮ್ಮನೆ ಮಲಗಿರುವ ದೊಡ್ಡವರಲ್ಲಿ ಸುಮಾರು 5 ಲೀಟರ್. ಅಣೆಕಟ್ಟೆಯ ಸುದ್ದಿಗಳಲ್ಲಿ ಬರುವ ‘ಹೊರಹರಿವು’ ನನಗೆ ಹಿಡಿಸಿದೆ. ಇಂತಿಷ್ಟು ಹೊತ್ತಿಗೆ ಇಂತಿಷ್ಟು ಅನ್ನುವ ಅರ್ಥ ಅದರಲ್ಲಿ ಆಗಲೇ ಇದೆ. ಆದರೆ ನೀರು ತಾನಾಗಿ ಹರಿಯುತ್ತದೆ, ಹೃದಯ ಒತ್ತಿ ಕಳಿಸುತ್ತದೆ. ‘ಹೃದಯದ ದೂಡಿಕೆ’ ಅಂದರೆ ಒರಟಾಯಿತೇ?

ಈ ಎರಡು ಪದಗಳ ನಂಟೇ ಆ ಅಧ್ಯಾಯದ ಜೀವಾಳ. ಮೈಯಲ್ಲಿ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶಕ್ಕೆ ತರುವುದು ರಕ್ತ. ವೆಂಟಿಲೇಟರಿನ ಸೆಟ್ಟಿಂಗ್ ಮುಟ್ಟಿಲ್ಲ, ಜ್ವರ ನಡುಕ ಏನೂ ಇಲ್ಲ, ಆದರೂ ಎಂಡ್ ಟೈಡಲ್ ಅಂಕಿ ತಟಕ್ಕನೆ ಇಳಿಯಿತು ಅಂದರೆ ಶ್ವಾಸಕೋಶಕ್ಕೆ ಬರುವ ರಕ್ತವೇ ಕಡಿಮೆಯಾಗಿರಬಹುದು. ಹೃದಯ ನಿಂತಾಗ ಎದೆ ಒತ್ತುವವರು ಇದನ್ನೇ ನೋಡುತ್ತಿರುತ್ತಾರೆ. 10ಕ್ಕಿಂತ ಕೆಳಗೇ ಇದ್ದರೆ ಒತ್ತುವುದು ಸಾಲುತ್ತಿಲ್ಲವೇನೋ ಅಂತ ಪರೀಕ್ಷಿಸುತ್ತಾರೆ. ಇದ್ದಕ್ಕಿದ್ದಂತೆ 35–40ಕ್ಕೆ ಹಾರಿದರೆ ಹೃದಯ ಮತ್ತೆ ಬಡಿಯತೊಡಗಿದೆ ಅನ್ನುವ ಸುಳಿವು. ಎಷ್ಟೋ ಸಲ ನಾಡಿ ಕೈಗೆ ಸಿಗುವ ಮೊದಲೇ ಇದು ಕಾಣುತ್ತದೆ. ಇನ್ನೊಂದು ಬಳಕೆ ಇದೆ. ರೋಗಿಯ ಕಾಲುಗಳನ್ನು ಎತ್ತಿ ಹಿಡಿದಾಗ ಅಲ್ಲಿನ ರಕ್ತ ಹೃದಯಕ್ಕೆ ಇಳಿಯುತ್ತದೆ. ಆಗ ಅಂಕಿ ಶೇ. 5ರಷ್ಟು ಏರಿದರೆ, ಡ್ರಿಪ್ ಕೊಟ್ಟರೆ ಹೃದಯ ಜಾಸ್ತಿ ರಕ್ತ ದೂಡೀತು ಅಂತ ಲೆಕ್ಕ. ರೋಗಿ ತಾನಾಗಿ ಉಸಿರಾಡುತ್ತಿದ್ದರೆ ಮಾತ್ರ ಈ ಲೆಕ್ಕ ನೆಚ್ಚುವಂತಿಲ್ಲ.

ಅದಕ್ಕೇ ‘ಹೃದಯವನ್ನು ಅಳೆಯುತ್ತದೆ’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೂ, ಟ್ಯೂಬು ಸೋರಿದರೂ ಅಂಕಿ ಇಳಿಯುತ್ತದೆ. ‘ನಿಗಾ ಇಡುವುದು’ ಸಾಕು, ಆ ಮಾತು ಆಸ್ಪತ್ರೆಯಲ್ಲಿ ಬಳಕೆಯಲ್ಲೂ ಇದೆ. ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀಗೆ ಪರದೆಯ ಮೇಲೆ ಗೆರೆಯಾಗಿ ನೋಡುವುದಕ್ಕಿರುವ ‘ಕ್ಯಾಪ್ನೋಗ್ರಫಿ’ ಅನ್ನುವ ಹೆಸರನ್ನು ಹಾಗೇ ಬಿಡುತ್ತೇನೆ. ಗ್ರೀಕಿನಲ್ಲಿ ‘ಕ್ಯಾಪ್ನೋಸ್’ ಅಂದರೆ ಹೊಗೆ. ಅದನ್ನು ಕನ್ನಡಕ್ಕೆ ತಂದು ಯಾರನ್ನೂ ಗಾಬರಿಪಡಿಸುವುದು ಬೇಡ.

ಈ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ: “ವೆಂಟಿಲೇಟರ್ ಬದಲಿಸದೆ ಉಸಿರುತುದಿಯ ಅಂಕಿ ಬಿದ್ದರೆ, ಹೃದಯದ ಹೊರಹರಿವು ಇಳಿದಿದೆಯೇ ಎಂದು ಮೊದಲು ನೋಡಿ.” ಎಲ್ಲಿ ಎಡವುತ್ತೀರಿ? ನರ್ಸಿಂಗ್ ಪಾಠ ಹೇಳುವವರು ಯಾರಾದರೂ ಇದ್ದರೆ, ತರಗತಿಯಲ್ಲಿ ನೀವು ಬಾಯಲ್ಲಿ ಏನು ಹೇಳುತ್ತೀರಿ ಅಂತಲೂ ತಿಳಿಸಿ.